ಶ್ರೀಯಾಳ ಪ್ರಾಕ್ಸಿ

‘ಪ್ರಾಕ್ಸಿ’ ಎಂಬ ಮಾತು ಮೊರಾಗ್ ಬಾಯಿಂದ ಬಿದ್ದದ್ದೇ ತಡ, ಗುರುದತ್ ಕೈಯಲ್ಲಿದ್ದ ಕರಿಪಾಪ್ ಎಂಬ ಕರಿದ ಕಡುಬನ್ನು ತಟ್ಟೆಗೆ ವಾಪಸ್ ಹಾಕಿಬಿಟ್ಟರು.

“ಮಣಿಪಾಲದಲ್ಲಿ, ಇಲ್ಲಿ, ಪಾಠ ಮಾಡಿದ ಕಡೆಯೆಲ್ಲ ಪ್ರಾಕ್ಸಿ ಕೊಡುವವರನ್ನು ಎಬ್ಬಿಸಿ ಹೊರಗೆ ಕಳಿಸಿದ್ದೇನೆ. ಈಗ ಈ ವಯಸ್ಸಿನಲ್ಲಿ ನಾನೇ ಪ್ರಾಕ್ಸಿ ಕೊಡಿಸಬೇಕಾ? ಆಗಲ್ಲ!”

ಮೊರಾಗ್ ನನ್ನ ಮುಖ ನೋಡಿದಳು. ಅವಳು ಸ್ಕಾಟ್ಲೆಂಡಿನವಳು, ಇಲ್ಲಿ ಮಲೇಷ್ಯಾದ ನಿಲಾಯ್ ಊರಿನ ವೈದ್ಯಕೀಯ ಕಾಲೇಜಿನಲ್ಲಿ ನನ್ನ ಗಂಡ ಗುರುದತ್ ಅವರ ಸಹೋದ್ಯೋಗಿ. ನಾನೇ ಬಿಡಿಸಿ ಹೇಳಬೇಕಾಯಿತು. ನಮ್ಮ ಕಡೆ ಕಾಲೇಜುಗಳಲ್ಲಿ ಪ್ರಾಕ್ಸಿ ಎಂದರೆ ಸಿನಿಮಾಕ್ಕೆ ಹೋದ ಗೆಳೆಯನ ಹೆಸರು ಕರೆದಾಗ ಹಿಂದಿನ ಬೆಂಚಿನಿಂದ ಇನ್ನೊಬ್ಬ ದನಿ ಬದಲಿಸಿ ‘ಪ್ರೆಸೆಂಟ್ ಸರ್’ ಎನ್ನುವುದು. ನಮ್ಮ ಕಿವಿಗೆ ಆ ಪದದಲ್ಲಿ ಸಣ್ಣ ಕಳ್ಳತನದ ವಾಸನೆ ಇದೆ.

ಮೊರಾಗ್ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಡಾಕ್ಟರ್, ಇದು ಕಾನೂನೇ ಒಪ್ಪಿದ ಕಳ್ಳತನ. ನಿಮ್ಮ ಹಳೇ ಬೀದಿಯಲ್ಲಿ ನಂಬಿಕಸ್ಥರೊಬ್ಬರು ನಿಮ್ಮ ಪರವಾಗಿ ಮತ ಹಾಕುತ್ತಾರೆ, ಅಷ್ಟೆ. ಅಂಚೆಯನ್ನು ನಂಬಿ ಕೂತರೆ ಮತಪತ್ರ ಇಲ್ಲಿಗೆ ಬಂದು ವಾಪಸ್ ಹೋಗುವಷ್ಟರಲ್ಲಿ ಹೊಸ ಸರ್ಕಾರ ಹಳೆಯದಾಗಿರುತ್ತದೆ.”

ಅದು 2024ರ ಜೂನ್ ತಿಂಗಳ ಒಂದು ಭಾನುವಾರ. ಬ್ರಿಟನ್ನಿನಲ್ಲಿ ಯಾರೂ ಎಣಿಸದ ಹೊತ್ತಿನಲ್ಲಿ ಚುನಾವಣೆ ಘೋಷಣೆಯಾಗಿತ್ತು. ಜುಲೈ ನಾಲ್ಕಕ್ಕೆ ಮತದಾನ. ನಮ್ಮ ಮನೆಯ ಕಾರ್ ಪೋರ್ಚಿನಲ್ಲಿ ಕಾರನ್ನು ಹೊರಗೆ ನಿಲ್ಲಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಫ್ಯಾನಿನ ಕೆಳಗೆ ಐವರು ಕೂತಿದ್ದೆವು. ಐವರ ಬಳಿಯೂ ಬ್ರಿಟಿಷ್ ಪಾಸ್‌ಪೋರ್ಟ್. ಗುರುದತ್ ಮತ್ತು ನಾನು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಹಲವು ವರ್ಷ ಇದ್ದು, ಅಲ್ಲೇ ಆ ಪಾಸ್‌ಪೋರ್ಟ್ ಪಡೆದು, ಮಗಳು ಶ್ರೀಯಾಳಿಗೆ ನಾಲ್ಕು ತುಂಬಿದಾಗ ಇಲ್ಲಿಗೆ ಬಂದವರು. ಇಲ್ಲಿ ಬೇರುಬಿಟ್ಟ ಮೇಲೆ ಆ ಪಾಸ್‌ಪೋರ್ಟ್ ವಿಮಾನ ನಿಲ್ದಾಣದಲ್ಲಿ ಮಾತ್ರ ನೆನಪಾಗುತ್ತಿತ್ತು. ಮತ ಹಾಕಬಹುದು ಎಂಬ ಯೋಚನೆಯೇ ಬಂದಿರಲಿಲ್ಲ.

ಯೋಚನೆ ತಂದವರು ಡೆರೆಕ್. ಎಂಬತ್ತೈದು ವರ್ಷ, ನೆಟ್ಟನೆಯ ಬೆನ್ನು, ಬಿಳಿ ಹುಬ್ಬು. ಪಕ್ಕದ ಊರು ಸೆರೆಂಬಾನಿನಲ್ಲಿ ಒಬ್ಬರೇ ಇದ್ದಾರೆ. ಗುರುದತ್ ಅವರ ವಿದ್ಯಾರ್ಥಿಗಳು ರೋಗಿಗಳನ್ನು ಪ್ರಶ್ನಿಸುವುದನ್ನು ಕಲಿಯಲಿ ಎಂದು ತಿಂಗಳಿಗೊಮ್ಮೆ ಕಾಲೇಜಿಗೆ ಬಂದು ರೋಗಿಯಾಗಿ ಕೂರುತ್ತಾರೆ. ಹದಿನೈದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದವರಿಗೆ ಮತವಿಲ್ಲ ಎಂಬ ನಿಯಮ ಆ ವರ್ಷವಷ್ಟೇ ರದ್ದಾಗಿತ್ತು. ಎಷ್ಟೋ ಕಾಲದ ಮೇಲೆ ಮತ ವಾಪಸ್ ಸಿಕ್ಕ ಖುಷಿಯಲ್ಲಿ ಡೆರೆಕ್ ಮದುವೆ ಮನೆಯ ಹಿರಿಯರಂತೆ ಕಂಡಕಂಡವರನ್ನೆಲ್ಲ ಕರೆಯುತ್ತಿದ್ದರು. “ನೋಂದಾಯಿಸಿದಿರಾ? ಕೊನೆ ದಿನ ಹತ್ತಿರ ಬಂತು!”

“ಸರಿ, ಪ್ರಾಕ್ಸಿ ಬಿಡಿ,” ಅಂದರು ಡೆರೆಕ್. “ಆ ಇನ್ನೊಂದು ವಿಷಯಕ್ಕೆ ಬನ್ನಿ. ಹುಡುಗಿ ಏನನ್ನುತ್ತಾಳೆ ಅಂತ ನನಗೆ ಕೇಳಬೇಕು.”

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿತ್ತು. ಮತ್ತೆ ಗೆದ್ದರೆ ರಾಷ್ಟ್ರೀಯ ಸೇವೆ ತರುತ್ತೇವೆ ಎಂದು ಅಲ್ಲಿಯ ಆಳುವ ಪಕ್ಷ ಹೇಳಿತ್ತು. ಹದಿನೆಂಟಾದವರಲ್ಲಿ ಕೆಲವರು ಒಂದು ವರ್ಷ ಸೈನ್ಯದ ಜೊತೆ, ಉಳಿದವರು ತಿಂಗಳಿಗೊಂದು ವಾರಾಂತ್ಯ ಸಮಾಜದ ಕೆಲಸ. ಶ್ರೀಯಾಳಿಗೆ ಆಗಷ್ಟೇ ಹದಿನೆಂಟು. ಸೆಪ್ಟೆಂಬರಿನಲ್ಲಿ ಓದಲು ಇಂಗ್ಲೆಂಡಿಗೆ ಹೊರಟವಳು.

ಆ ಸುದ್ದಿ ಓದಿದಂದಿನಿಂದ ನನಗೆ ಅದೇ ಚಿಂತೆ. ಅದು ಜಾರಿಗೆ ಬರುವಷ್ಟರಲ್ಲಿ ಇವಳ ವಯಸ್ಸು ದಾಟಿರುತ್ತದೆ ಎಂದು ಮೊರಾಗ್ ಹೇಳಿದ್ದಳು, ಗುರುದತ್ ಹೇಳಿದ್ದರು, ಪತ್ರಿಕೆಗಳೂ ಹೆಚ್ಚುಕಡಿಮೆ ಹಾಗೇ ಬರೆದಿದ್ದವು. ಆದರೆ ಸರ್ಕಾರಗಳು ತಾರೀಕು ಹಿಂದೆ ಮುಂದೆ ಮಾಡುವುದನ್ನು ನಾನು ಮೂರು ದೇಶಗಳಲ್ಲಿ ನೋಡಿದ್ದೇನೆ.

“ಐ ವಾಂಟ್ ಟು ಗೋ,” ಅಂದಳು ಶ್ರೀಯಾ.

ಪೋರ್ಚಿನಲ್ಲಿ ಒಮ್ಮೆಗೇ ಎಲ್ಲರೂ ಮಾತಾಡತೊಡಗಿದರು.

“ಎಲ್ಲಿಗೆ? ಬಂದೂಕು ಹಿಡಿಯೋಕಾ?” ನಾನು.

“ವಾರಾಂತ್ಯಕ್ಕೆ ಸೂಪು ಬಡಿಸೋಕೆ!” ಮೊರಾಗ್. “ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸವನ್ನು ಮಕ್ಕಳಿಂದ ಪುಕ್ಕಟೆ ಮಾಡಿಸುವ ಉಪಾಯ ಕಣೇ ಅದು.”

“ನಿನ್ನ ರೂಮಿನ ಬಟ್ಟೆ ಮಡಚಿಡೋ ಸೇವೆ ಮೊದಲು ಮಾಡು, ದೇಶದ್ದು ಆಮೇಲೆ,” ಅಂದರು ಗುರುದತ್. ಕನ್ನಡದಲ್ಲಿ ಅಂದದ್ದರಿಂದ ಆ ಮಾತು ಅವಳಿಗೆ ಮಾತ್ರ ತಾಗಿತು.

“ಪಪ್ಪಾ!” ಅವಳು ಕುರ್ಚಿಯ ತುದಿಗೆ ಬಂದಳು. ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ, ಮಾತಿನ ತುದಿಗೆ ‘ಲಾ’ ಸೇರಿಸುವ ಮಲೇಷ್ಯಾದ ಎಳೆತದಲ್ಲಿ. ಅವಳ ಕ್ಲಾಸಿನಲ್ಲಿ ಎಲ್ಲರೂ ಈಗ ಇದನ್ನೇ ಮಾತಾಡುತ್ತಾರಂತೆ. ಇಲ್ಲಿಯ ಸರ್ಕಾರವೂ ನಿಲ್ಲಿಸಿದ್ದ ರಾಷ್ಟ್ರೀಯ ಸೇವಾ ತರಬೇತಿಯನ್ನು ಮತ್ತೆ ತರುತ್ತೇನೆ ಎಂದಿತ್ತು. ಗೆಳತಿಯರು ‘ನನ್ನನ್ನು ಕರೆದರೆ ಓಡಿಹೋಗ್ತೀನಿ’, ‘ನಿನ್ನನ್ನು ಮೊದಲು ಕರೀತಾರೆ ನೋಡು’ ಎಂದು ಚುಡಾಯಿಸಿಕೊಳ್ಳುತ್ತಾರಂತೆ. “ನನ್ನನ್ನು ಯಾರೂ ಚುಡಾಯಿಸಲ್ಲ. ನಾನು ಇಲ್ಲಿ ಫಾರಿನರ್. ಮೈಸೂರಿಗೆ ಹೋದರೆ ಅಜ್ಜಿ ಮನೆಯಲ್ಲೂ ಫಾರಿನರ್. ಒಂದು ದೇಶ ‘ಶ್ರೀಯಾ ಗುರುದತ್, ಬಾ, ಕೆಲಸ ಇದೆ’ ಅಂತ ಹೆಸರು ಹಿಡಿದು ಕರೆದರೆ ಹೇಗಿರುತ್ತೆ ಅಂತ ನನಗೆ ನೋಡಬೇಕು, ಅಷ್ಟೇ ಲಾ.”

ಹದಿನಾಲ್ಕು ವರ್ಷ ಅವಳ ಟಿಫಿನ್ ಡಬ್ಬಿ, ಜ್ವರ, ಸ್ನೇಹಿತರು ಎಲ್ಲವನ್ನೂ ಕಣ್ಣಿಟ್ಟು ಕಾದವಳು ನಾನು. ಇದು ಕಣ್ಣಿಗೆ ಬಿದ್ದಿರಲಿಲ್ಲ.

ಡೆರೆಕ್ ನಗಲಿಲ್ಲ. “ನನ್ನನ್ನು ಹಾಗೆ ಹೆಸರು ಹಿಡಿದು ಕರೆದಿದ್ದರು,” ಅಂದರು. “ನಿನ್ನ ವಯಸ್ಸಿಗೇ. ಕರೆದು ಕಳಿಸಿದ್ದು ಎಲ್ಲಿಗೆ ಗೊತ್ತಾ? ಇಲ್ಲಿಗೆ. ಇದೆಲ್ಲ ಆಗ ರಬ್ಬರ್ ತೋಟ. ಕಾಡಿನಲ್ಲಿ ಬಂಡುಕೋರರನ್ನು ಹುಡುಕುವ ಕೆಲಸ. ಯಾರನ್ನು ಹುಡುಕುತ್ತಿದ್ದೇನೆ, ಯಾಕೆ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಜಿಗಣೆ ಕಿತ್ತು ಹಾಕುವುದು ಮಾತ್ರ ಚೆನ್ನಾಗಿ ಕಲಿತೆ.”

“ಮತ್ತೆ ಇಲ್ಲಿಗೇ ವಾಪಸ್ ಬಂದಿರಲ್ಲ ಅಂಕಲ್ ಡೆರೆಕ್! ಸೋ ಇಟ್ ವಾಸ್ ಗುಡ್!”

“ಊರು ಒಳ್ಳೆಯದಿತ್ತು ಮಗು. ಕಳಿಸಿದ ರೀತಿ ಒಳ್ಳೆಯದಿರಲಿಲ್ಲ. ಆಗ ಮತ ಹಾಕಲು ಇಪ್ಪತ್ತೊಂದು ಆಗಬೇಕಿತ್ತು. ಹದಿನೆಂಟಕ್ಕೆ ಸಾಯಲು ಕಳಿಸಬಹುದು, ಆದರೆ ಕಳಿಸಬೇಕೇ ಬೇಡವೇ ಎಂದು ನನ್ನನ್ನು ಕೇಳುವ ಹಾಗಿರಲಿಲ್ಲ. ನಾನಂತೂ ಈ ಸಲ ಅವರಿಗೆ ಹಾಕುವುದಿಲ್ಲ. ನೀನು ಯಾರಿಗಾದರೂ ಹಾಕು. ನಿನ್ನನ್ನು ಕೇಳುತ್ತಿದ್ದಾರೆ, ಅದನ್ನು ಬಿಡಬೇಡ.”

ಶ್ರೀಯಾ ಎದ್ದು ನಿಂತೇಬಿಟ್ಟಳು. ನಾಲ್ಕು ವರ್ಷದ ಮಗುವಾಗಿ ಬಿಟ್ಟುಬಂದ ವಿಳಾಸದಿಂದ ತಾನೂ ಮತ ಹಾಕಬಹುದು ಎಂಬುದು ಅವಳ ಮನಸ್ಸಿಗೆ ಆಗ ಇಳಿದಿರಬೇಕು. ಅಲ್ಲೇ ನಿಂತುಕೊಂಡು, ಬೆರಳಿನ ಎಣ್ಣೆಯನ್ನು ಜೀನ್ಸ್‌ಗೆ ಒರೆಸಿ, ಫೋನಿನಲ್ಲಿ ನೋಂದಾಯಿಸತೊಡಗಿದಳು. “ಲೆಸ್ಟರ್ ಪೋಸ್ಟ್‌ಕೋಡ್! ಪಪ್ಪಾ, ಪೋಸ್ಟ್‌ಕೋಡ್!”

ಗುರುದತ್ ಸೋತರು. “ಸರಿ. ಜೀವನದಲ್ಲಿ ಇದೊಂದೇ ಒಂದು ಪ್ರಾಕ್ಸಿ. ನನ್ನ ಸ್ಟೂಡೆಂಟ್ಸ್‌ಗೆ ಹೇಳಬೇಡ ಮೊರಾಗ್.”

ನಮ್ಮ ಮೂವರಿಗೂ ಪ್ರಾಕ್ಸಿ ಯಾರು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಲೆಸ್ಟರ್‌ನ ನಮ್ಮ ಹಳೇ ಬೀದಿಯಲ್ಲಿ, ನಮ್ಮ ಮನೆಯ ಎದುರಿಗೇ, ಸರೋಜಕ್ಕ ಇದ್ದಾರೆ. ಉಡುಪಿಯವರು. ಶ್ರೀಯಾ ಹುಟ್ಟಿದ ದಿನ ನನಗೆ ಮೆಣಸಿನ ಸಾರು ತಂದುಕೊಟ್ಟವರು. ಫೋನು ಮಾಡಿದಾಗ ಅವರ ಉತ್ಸಾಹ ನಮ್ಮೆಲ್ಲರದ್ದನ್ನೂ ಮೀರಿಸಿತು.

“ನಂದು ಒಂದು, ನಿಮ್ಮದು ಮೂರು. ನಾಲ್ಕು ವೋಟಿನ ಒಡತಿ ನಾನು! ಎಂತ ಮಾರಾಯ್ತಿ, ಇನ್ನು ಅಭ್ಯರ್ಥಿಗಳೆಲ್ಲ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲಬೇಕು.”

ನಾನು ಮತ್ತು ಗುರುದತ್ ನಮ್ಮ ಆಯ್ಕೆಯನ್ನು ಅಂದೇ ಹೇಳಿದೆವು. ವಿರೋಧ ಪಕ್ಷಕ್ಕೆ. ಶ್ರೀಯಾ ಮಾತ್ರ “ಐ ವಿಲ್ ಟೆಕ್ಸ್ಟ್ ಯು, ಆಂಟಿ” ಎಂದು ರೂಮಿಗೆ ಹೋದಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆ ಒಂದು ಪುಟ್ಟ ಪಾರ್ಲಿಮೆಂಟಾಯಿತು. ಡೆರೆಕ್ ಬಂದರೆ ಚರ್ಚೆ, ಮೊರಾಗ್ ‘ತಪಾವ್’ ಎಂದು ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ತೆಂಗಿನಹಾಲಿನ ಅನ್ನ, ನಾಸಿ ಲೆಮಾಕ್, ಬಿಚ್ಚುವಾಗ ಚರ್ಚೆ. ಶ್ರೀಯಾ ಒಂದು ದಿನ ಸೇವೆಯ ಪರ, ಮರುದಿನ ಡೆರೆಕ್ ಹೇಳಿದ್ದು ಸರಿ ಅನ್ನಿಸಿ ಅರ್ಧ ವಿರೋಧ, ಅದರ ಮರುದಿನ ಮತ್ತೆ ಪರ. ನನಗೆ ಗೊತ್ತಿದ್ದ ಹುಡುಗಿ ಪರೀಕ್ಷೆಗೂ ಇಷ್ಟು ಓದಿದವಳಲ್ಲ. ನಾನು ವಾದಿಸಲಿಲ್ಲ. ನನಗೆ ವಾದಿಸಲು ಬರುವುದಿಲ್ಲ, ಚಿಂತೆ ಮಾಡಲು ಬರುತ್ತದೆ. ಅವಳು ಸ್ನಾನಕ್ಕೆ ಹೋದಾಗ ಆ ಯೋಜನೆಯ ಬಗ್ಗೆ ಹುಡುಕಿ ಹುಡುಕಿ ಓದುತ್ತಿದ್ದೆ. ಅವಳು ಬರುವಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ.

ಜುಲೈ ನಾಲ್ಕು ಗುರುವಾರ. ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ಒರೆಸುತ್ತಿದ್ದಾಗ ಸರೋಜಕ್ಕನ ಕರೆ ಬಂತು. ಲೆಸ್ಟರ್‌ನಲ್ಲಿ ಆಗಷ್ಟೇ ಬೆಳಗಾಗಿ ಮತದಾನ ಶುರುವಾಗಿತ್ತು.

“ಅಕ್ಷಯಾ, ನಾನು ಮತಗಟ್ಟೆ ಹೊರಗೆ ನಿಂತಿದ್ದೇನೆ. ಟ್ಯಾಕ್ಸಿ ಕಾಯ್ತಾ ಉಂಟು. ಇಲ್ಲಿಂದ ಸೀದಾ ಏರ್‌ಪೋರ್ಟಿಗೆ. ತಂಗಿ ಮೊಮ್ಮಗನ ನಾಮಕರಣ, ಮಂಗಳೂರಿಗೆ ಹೊರಟದ್ದು. ನಿನಗೆ ಹೇಳಿದ್ದೆ ಅಲ್ವಾ?”

ಹೇಳಿದ್ದರು. ನಾನು ಮರೆತಿದ್ದೆ.

“ನಿಮ್ಮಿಬ್ಬರದ್ದು ಗೊತ್ತುಂಟು. ಶ್ರೀಯಾಂದು ಎಂತ ಮಾಡುದು? ಅವಳ ಮೆಸೇಜು ನೋಡಿ ಮಂಡೆ ಬಿಸಿ ಆಗಿದೆ ನನಗೆ. ಆ ಸರ್ವಿಸ್ ಪಾರ್ಟಿಗಾ, ಬೇರೆಯವರಿಗಾ ಅಂತ ಸರಿಯಾಗಿಯೇ ಕೇಳಿದ್ದೆ. ಉತ್ತರ ಓದ್ತೇನೆ ಕೇಳು. ‘ಸರ್ವಿಸ್ ಒನ್ ಆಲ್ಸೋ ಕ್ಯಾನ್ ಲಾ, ಆಂಟಿ.’ ಇದು ಎಂತ ಭಾಷೆ? ಆಲ್ಸೋ ಅಂದ್ರೆ ಎರಡಕ್ಕೂ ಹಾಕಬೇಕಾ? ಎರಡಕ್ಕೂ ಗುರುತು ಹಾಕಿದ್ರೆ ವೋಟು ಅಸಿಂಧು ಆಗ್ತದೆ ಮಾರಾಯ್ತಿ!”

ಕೈಯಲ್ಲಿದ್ದ ಬಟ್ಟೆ ಒದ್ದೆಯಾಗಿ ತೋಳಿಗೆ ನೀರು ಇಳಿಯುತ್ತಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡೆ.

‘ಆಲ್ಸೋ ಕ್ಯಾನ್.’ ಇಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಟೀ ಇಲ್ಲ, ಕಾಫಿ ಕೊಡಲೇ ಎಂದರೆ ಆಲ್ಸೋ ಕ್ಯಾನ್. ನಾಳೆ ಬರಲೇ ಎಂದರೆ ಆಲ್ಸೋ ಕ್ಯಾನ್. ನಮ್ಮ ‘ಆಯ್ತು’ ಇದ್ದ ಹಾಗೆ. ಮನಸಾರೆ ಒಪ್ಪಿದಾಗಲೂ ಆಯ್ತು, ಮಾತು ಮುಗಿದರೆ ಸಾಕು ಅನ್ನಿಸಿದಾಗಲೂ ಆಯ್ತು. ಶ್ರೀಯಾ ಅದನ್ನು ‘ಅವರಿಗೇ ಹಾಕಿ’ ಎಂದು ಬರೆದಿದ್ದಾಳೋ, ‘ಅವರೂ ಪರವಾಗಿಲ್ಲ, ಇನ್ನೂ ಯೋಚಿಸುತ್ತೇನೆ’ ಎಂದು ಬರೆದಿದ್ದಾಳೋ, ಅಷ್ಟರಿಂದಲೇ ಹೇಳುವಂತಿರಲಿಲ್ಲ.

“ಅವಳಿಗೆ ಫೋನ್ ಮಾಡಿದ್ರಾ ಅಕ್ಕಾ?”

“ಮಾಡಿದೆ, ಮಾಡಿದೆ. ಆಫ್ ಉಂಟು.”

ಆಫ್ ಇರಲೇಬೇಕು. ಶ್ರೀಯಾ ಡ್ರೈವಿಂಗ್ ಕಲಿಯಲು ಹೋಗಿದ್ದಳು. ಅಲ್ಲಿಯ ಮೇಷ್ಟ್ರು ಮೊದಲು ಫೋನ್ ಕಸಿದಿಟ್ಟುಕೊಂಡೇ ಕೀಲಿ ಕೊಡುವುದು.

“ನೀನೇ ಹೇಳು ಮಾರಾಯ್ತಿ. ನೀನು ತಾಯಿ ಅಲ್ವಾ? ನಿನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗ್ತದೆ? ಬೇಗ ಹೇಳು. ಟ್ಯಾಕ್ಸಿಯವ ಹಾರ್ನ್ ಹೊಡೀಲಿಕ್ಕೆ ಶುರು ಮಾಡಿದ.”

ಒಂದು ಮಾತು ನನ್ನ ನಾಲಗೆಯ ತುದಿಗೆ ಬಂದು ಕೂತಿತ್ತು. ‘ಬೇರೆಯವರಿಗೆ ಹಾಕಿ ಅಕ್ಕಾ.’ ಅದು ಸುಳ್ಳು ಕೂಡ ಆಗುತ್ತಿರಲಿಲ್ಲ. ಶ್ರೀಯಾ ಮುಂದೆ ಕೇಳಿದರೆ ‘ಆಲ್ಸೋ ಕ್ಯಾನ್ ಅಂದಿದ್ದೆಯಲ್ಲ, ಅಂದರೆ ಮೊದಲ ಆಯ್ಕೆ ಅಲ್ಲ ಅಂದುಕೊಂಡೆ’ ಎನ್ನಬಹುದಿತ್ತು. ಯಾವ ನಿಘಂಟೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ಲೆಸ್ಟರ್‌ನ ಒಂದು ಮತದಿಂದ ಯಾವ ಯೋಜನೆಯೂ ನಿಲ್ಲುವುದಿಲ್ಲ, ಬರುವುದೂ ಇಲ್ಲ ಎಂದು ಬುದ್ಧಿಗೆ ಗೊತ್ತು. ಆದರೂ ನನ್ನ ಮಗಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಮಗಳದ್ದೇ ಮತ ಬೀಳುವುದು ನನಗೆ ಬೇಡವಾಗಿತ್ತು. ಬಾಯಿ ತೆರೆದೆ.

“ಒಳಗೆ ಗಲಾಟೆ ಇಲ್ಲ, ಬೇಗ ಆಗ್ತದೆ,” ಸರೋಜಕ್ಕ ಹೇಳುತ್ತಲೇ ಇದ್ದರು. “ಮೇಜಿನ ಹತ್ತಿರ ಹೋದ್ರೆ ಪಟ್ಟಿ ನೋಡಿ ಹೆಸರು ಜೋರಾಗಿ ಓದ್ತಾರೆ. ಗುರುದತ್, ಅಕ್ಷಯಾ, ಶ್ರೀಯಾ, ಮೂರೂ ಹೆಸರು ಓದ್ತಾರೆ. ನಮ್ಮ ಹೆಸರನ್ನೆಲ್ಲ ಅವರು ಹೇಗೆ ಹೇಳ್ತಾರೋ ದೇವರಿಗೇ ಗೊತ್ತು!”

ಲೆಸ್ಟರ್‌ನ ಯಾವುದೋ ಶಾಲೆಯ ಹಾಲಿನಲ್ಲಿ ಅಪರಿಚಿತರೊಬ್ಬರು ‘ಶ್ರೀಯಾ ಗುರುದತ್’ ಎಂದು ಜೋರಾಗಿ ಓದುತ್ತಾರೆ. ಒಂದು ದೇಶ ಅವಳನ್ನು ಹೆಸರು ಹಿಡಿದು ಕರೆಯುವುದು ಅದೇ ಮೊದಲು. ಆಗ ಅವಳ ಬದಲು ಉತ್ತರ ಕೊಡುವವಳು ನಾನಾಗಿರುತ್ತೇನೆ.

“ಅಕ್ಕಾ, ಒಳಗೆ ಹೋಗಬೇಡಿ!” ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. “ಅಲ್ಲೇ ನಿಲ್ಲಿ. ಫೋನ್ ಇಡಬೇಡಿ. ಅವಳ ಹತ್ತಿರ ಹೋಗ್ತಿದ್ದೀನಿ.”

“ಎಲ್ಲಿಗೆ? ವಿಮಾನ ತಪ್ತದೆ ಮಾರಾಯ್ತಿ!”

“ತಪ್ಪಲ್ಲ! ಟ್ಯಾಕ್ಸಿಯವನಿಗೆ ಏನಾದ್ರೂ ಹೇಳಿ!”

ಒರೆಸುವ ಬಟ್ಟೆ ಹೆಗಲ ಮೇಲೇ ಇತ್ತು. ಚಪ್ಪಲಿಯಲ್ಲಿ ಒಂದು ನನ್ನದು, ಇನ್ನೊಂದು ಗುರುದತ್ ಅವರದ್ದು ಎಂದು ಗೊತ್ತಾದದ್ದು ಕಾರು ಹೊರಟ ಮೇಲೆ. ನಾನು ಕಾರು ಓಡಿಸುವುದು ತರಕಾರಿ ತರಲು, ದೇವಸ್ಥಾನಕ್ಕೆ, ಅದೂ ಎಡಗಡೆಯ ಅಂಚಿನಲ್ಲಿ, ಹಿಂದಿನವರು ಬೈಯುವ ವೇಗದಲ್ಲಿ. ಅಂದು ಲಾರಿಯೊಂದನ್ನು ಹಿಂದೆ ಹಾಕಿದೆ. ಮಗ್ಗುಲ ಸೀಟಿನಲ್ಲಿ ಸ್ಪೀಕರಿಗೆ ಹಾಕಿದ ಫೋನಿನಿಂದ ಲೆಸ್ಟರ್‌ನ ಬೆಳಗು ಕೇಳುತ್ತಿತ್ತು.

“ಟ್ಯಾಕ್ಸಿಯವ ಇಳಿದು ಬಂದ,” ಸರೋಜಕ್ಕ ವರದಿ ಒಪ್ಪಿಸಿದರು. “ಎಂತ ಪ್ರಾಬ್ಲಮ್ ಅಂತ ಕೇಳ್ತಿದ್ದಾನೆ. ಮಲೇಷ್ಯಾದಲ್ಲಿ ಒಂದು ಹುಡುಗಿ ವೋಟು ಹಾಕ್ಲಿಕ್ಕೆ ಉಂಟು ಅಂದೆ.”

“ಅವನೇನಂದ?”

“ಅವನ ಬೂತೂ ಇದೇ ಅಂತೆ, ಆದ್ರೆ ವೋಟೇ ಹಾಕಿಲ್ಲವಂತೆ. ಬೈದು ಒಳಗೆ ಕಳಿಸಿದೆ. ಹಾಕಿ ಬರ್ಲಿ, ಅಷ್ಟು ಹೊತ್ತು ನಿನಗೂ ಸಿಕ್ತದೆ!”

ನಾನು ಜೋರಾಗಿ ನಕ್ಕೆ. ಕೆಂಪು ದೀಪದಲ್ಲಿ ಪಕ್ಕದ ಬೈಕಿನವನು ತಿರುಗಿ ನೋಡಿದ. ಆ ನಗುವಿನಲ್ಲಿ ಭಯ ಎಷ್ಟು ಖುಷಿ ಎಷ್ಟು ಎಂದು ಬಿಡಿಸಿ ನೋಡುವ ಪುರುಸೊತ್ತಿರಲಿಲ್ಲ.

ಡ್ರೈವಿಂಗ್ ಮೈದಾನ ಊರಾಚೆ, ಎಣ್ಣೆತಾಳೆ ತೋಟದ ಪಕ್ಕ. ಬೇಲಿಯ ಹೊರಗೆ ಕಾರು ನಿಲ್ಲಿಸಿ ಫೋನನ್ನು ಧ್ವಜದಂತೆ ಎತ್ತಿಕೊಂಡು ಓಡಿದೆ. ಮೈದಾನದ ನಡುವೆ ಸಿಮೆಂಟಿನ ಒಂದು ಗುಡ್ಡ ಇದೆ, ಏರಿನಲ್ಲಿ ಗಾಡಿಯನ್ನು ಹಿಂದಕ್ಕೆ ಜಾರಿಸದೆ ನಿಲ್ಲಿಸುವುದನ್ನು ಕಲಿಯಲು. ಸರಿಯಾಗಿ ಅದರ ಏರಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಒಳಗೆ ಶ್ರೀಯಾ, ನಾಲಗೆ ಕಚ್ಚಿಕೊಂಡು.

“ಶ್ರೀಯಾ! ಶ್ರೀಯಾ!”

ಕಾರು ಒಮ್ಮೆ ಜಿಗಿದು ನಿಂತುಹೋಯಿತು. ಕೆಳಗೆ ಕೊಡೆ ಹಿಡಿದು ನಿಂತಿದ್ದ ಮೇಷ್ಟ್ರು, ತಮಿಳರು, ಕೈ ಅಡ್ಡ ಹಿಡಿದು ಓಡಿಬಂದರು. “ಅಮ್ಮಾ! ಉಳ್ಳೆ ವರಕ್ಕೂಡಾದು! ಇನ್‌ಸೈಡ್ ಕ್ಯಾನ್ನಾಟ್!”

“ಎಲೆಕ್ಷನ್!” ಎಂದೆ. ಉಸಿರು ಕಟ್ಟಿ ಬೇರೆ ಪದವೇ ಸಿಗಲಿಲ್ಲ.

“ಎಲೆಕ್ಷನ್ ಎಲ್ಲಿದೆ ಈಗ? ನಮ್ಮದು ಯಾವಾಗಲೋ ಮುಗಿದುಹೋಯಿತಲ್ಲ!” ಅವರು ಪಾಪ ಸುತ್ತಲೂ ನೋಡಿದರು.

ಶ್ರೀಯಾ ಅಷ್ಟರಲ್ಲಿ ಗುಡ್ಡದಿಂದ ಇಳಿದು ಬಂದಿದ್ದಳು. ಮುಖ ಬಿಳಿಚಿಕೊಂಡಿತ್ತು. “ಪಪ್ಪಾಗೆ ಏನಾಯ್ತು?” ಗಾಬರಿಯಾದಾಗ ಮಾತ್ರ ಅವಳಿಗೆ ಕನ್ನಡ ತಾನಾಗಿ ಬರುತ್ತದೆ.

“ಪಪ್ಪಾಗೆ ಏನೂ ಇಲ್ಲ. ನಿನ್ನ ವೋಟು. ಆಲ್ಸೋ ಕ್ಯಾನ್ ಅಂತ ಬರೆದಿದ್ದೀಯಲ್ಲ, ಸರೋಜಾ ಆಂಟಿಗೆ ಅರ್ಥ ಆಗಿಲ್ಲ. ಮತಗಟ್ಟೆ ಬಾಗಿಲಲ್ಲಿ ನಿಂತಿದ್ದಾರೆ. ತಗೋ, ನೀನೇ ಹೇಳು.”

ಅವಳು ಫೋನು ತೆಗೆದುಕೊಳ್ಳಲಿಲ್ಲ. ನನ್ನನ್ನೇ ನೋಡಿದಳು. ಹೆಗಲ ಮೇಲಿನ ಪಾತ್ರೆ ಒರೆಸುವ ಬಟ್ಟೆ, ಕಾಲಿನಲ್ಲಿ ಅಪ್ಪನ ಒಂದು ಚಪ್ಪಲಿ.

“ಯು ಕುಡ್ ಹ್ಯಾವ್ ಜಸ್ಟ್ ಟೋಲ್ಡ್ ಹರ್, ಅಮ್ಮಾ.”

“ಹೌದು.”

“ಯು ನೆವರ್ ವಾಂಟೆಡ್ ಮಿ ಟು...”

“ಇಲ್ಲ. ಈಗಲೂ ಬೇಡ. ಆಂಟಿಯ ವಿಮಾನ ತಪ್ಪುತ್ತೆ, ಮಾತಾಡು!”

ಫೋನು ಕೊಟ್ಟು ನಾನು ಹಿಂದೆ ಸರಿದೆ. ಅವಳು ಹೇಳಲಿಲ್ಲ, ನಾನಾಗಿಯೇ ಸರಿದೆ. ತಗಡಿನ ಮಾಡಿನ ಕೆಳಗೆ ಕಾಯುವವರಿಗೆ ಹಾಕಿದ್ದ ಬೆಂಚಿನವರೆಗೆ ಹೋಗಿ ಕೂತೆ. ಮೇಷ್ಟ್ರು ಬಂದು ಪಕ್ಕದಲ್ಲಿ ನಿಂತು, ಏನೋ ದೊಡ್ಡ ವಿಷಯ ನಡೆಯುತ್ತಿದೆ ಎಂದು ಅರ್ಥ ಮಾಡಿಕೊಂಡವರಂತೆ ತಮ್ಮ ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದರು. ಮಾಡಿನ ಕೆಳಗೆ ಕೊಡೆ! ಬೇಡ ಎನ್ನಲು ಮನಸ್ಸಾಗಲಿಲ್ಲ.

ಶ್ರೀಯಾ ಬಿಸಿಲಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಮಾತಾಡುತ್ತಿದ್ದಳು. ಪದಗಳು ಕೇಳಿಸುತ್ತಿರಲಿಲ್ಲ. ಆದರೆ ಮಾತಿನ ನಡುನಡುವೆ ನಿಂತು, ಹಣೆ ಗಂಟಿಕ್ಕಿ, ಪದ ಹುಡುಕಿ, ಕೈಯಲ್ಲಿ ಗಾಳಿಗೆ ಚಿತ್ರ ಬರೆದು ಮತ್ತೆ ಮುಂದುವರಿಯುತ್ತಿದ್ದ ರೀತಿ ನೋಡಿದರೆ ಗೊತ್ತಾಗುತ್ತಿತ್ತು. ಇಂಗ್ಲಿಷ್ ಮಾತಾಡುವಾಗ ಅವಳು ಹಾಗೆ ಎಡವುವವಳಲ್ಲ. ಅವಳು ಕನ್ನಡದಲ್ಲಿ ಹೇಳುತ್ತಿದ್ದಳು. ಯಾರೂ ಬೇರೆ ಅರ್ಥ ಮಾಡಿಕೊಳ್ಳಬಾರದು ಎಂದು.

ಕೊನೆಗೆ ಫೋನು ಕೆಳಗಿಳಿಸಿ ಓಡಿಬಂದಳು.

“ಡನ್! ಆಂಟಿ ಒಳಗೆ ಹೋದರು. ಟ್ಯಾಕ್ಸಿ ಅಂಕಲ್ ಕೂಡ ವೋಟ್ ಹಾಕಿದಾರಂತೆ!” ಮುಖ ಕೆಂಪಗಾಗಿ ಬೆವರಿಳಿಯುತ್ತಿತ್ತು.

ಯಾರಿಗೆ ಅಂತ ಕೇಳಬಾರದು ಎಂದು ಬೆಂಚಿನ ಅಂಚನ್ನು ಹಿಡಿದು ಕೂತಿದ್ದೆ.

“ಆಂಟಿ ಕೇಳಿದ್ರು,” ಅವಳೇ ಶುರು ಮಾಡಿದಳು, “ನಿನಗೆ ಅದು ಸೇವೇನಾ, ಬಿಟ್ಟಿ ಚಾಕರೀನಾ, ಒಂದು ಹೇಳು ಅಂತ. ಐ ನ್ಯೂ ಬೋತ್ ವರ್ಡ್ಸ್, ಅಮ್ಮಾ! ನಾನು ಸೇವೆ ಅಂದೆ. ಅವರಿಗೇ ಹಾಕಿ ಅಂದೆ.”

ನನಗೆ ಬೇಡವಾಗಿದ್ದದ್ದೇ ಆಗಿತ್ತು. ಆದರೆ ಅವಳ ಕಣ್ಣು ಹೊಳೆಯುತ್ತಿದ್ದ ಪರಿಗೆ ನಾನೂ ಕೂತಲ್ಲಿಂದ ಎದ್ದುಬಿಟ್ಟೆ. ಇಷ್ಟು ದಿನ ನಾನು ಮುಚ್ಚಿದ ಲ್ಯಾಪ್‌ಟಾಪ್ ಒಳಗೆ ಓದಿಟ್ಟದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

“ತಪ್ಪು ಮಾಡಿದೆ,” ಎಂದೆ.

“ವಾಟ್?”

“ತಪ್ಪು ಮಾಡಿದೆ ಅಂದೆ. ಸೇವೆ ಅಂದ್ರೆ ನಾವಾಗೇ ಹೋಗೋದು. ಎಲ್ಲರೂ ಬರಲೇಬೇಕು ಅಂತ ಕರೆಸಿದರೆ ಅದು ಸೇವೆ ಹೇಗಾಗುತ್ತೆ? ನಿನಗೆ ಹೋಗಬೇಕಿದ್ದರೆ ಹೋಗು, ಬೇಡದವನನ್ನು ಯಾಕೆ ಎಳೆದುಕೊಂಡು ಹೋಗ್ತೀಯ?”

ಅವಳು ಸೊಂಟದ ಮೇಲೆ ಕೈಯಿಟ್ಟಳು. “ಓಹೋ! ಆಸ್ಪತ್ರೆಯಲ್ಲಿ ಪಪ್ಪಾನ ಸ್ಟೂಡೆಂಟ್ಸ್ ಎಲ್ಲ ಕಂಪಲ್ಸರಿ ಪೋಸ್ಟಿಂಗ್ ಹೋಗ್ತಾರಲ್ಲ? ಅದು ಸೇವೆ ಅಲ್ವಾ?”

“ಅವರು ಡಾಕ್ಟರಾಗ್ತೀನಿ ಅಂತ ತಾವೇ ಸೇರಿದವರು!”

“ಸೋ? ನಾನೂ ಬ್ರಿಟಿಷ್ ಅಂತ ಸೇರಿದ್ದೀನಿ!”

“ನೀನು ಸೇರಿಲ್ಲ, ಹುಟ್ಟಿದ್ದೀಯ!”

ಮೇಷ್ಟ್ರು ಕೊಡೆ ಮಡಚಿ, ಇವತ್ತಿನ ಪಾಠ ಸಾಕು ಎಂದು ತಮಿಳಿನಲ್ಲಿ ಹೇಳಿ, ಅವಳ ಫೋನು ವಾಪಸ್ ಕೊಟ್ಟು ಕೈ ತೊಳೆದುಕೊಂಡರು. ಜಗಳ ಕಾರಿನೊಳಗೂ ಬಂತು. ಅವಳು ಇಂಗ್ಲಿಷಿನಲ್ಲಿ ಬಾಣ ಬಿಟ್ಟರೆ ನಾನು ಕನ್ನಡದಲ್ಲಿ, ಅವಳಿಗೆ ಸಿಟ್ಟೇರಿದಾಗ ಅವಳದ್ದೂ ಕನ್ನಡ. ನಡುವೆ ಸರೋಜಕ್ಕ ಟ್ಯಾಕ್ಸಿಯಿಂದ ಫೋನು ಮಾಡಿ, ನಾಲ್ಕೂ ಹಾಕಿ ಆಯಿತೆಂದೂ ಶ್ರೀಯಾ ಹೆಸರನ್ನು ಅವರು ‘ಶ್ರೇಯ’ ಎಂದು ಓದಿದ್ದಕ್ಕೆ ತಾನು ತಿದ್ದಿಸಿ ಇನ್ನೊಮ್ಮೆ ಓದಿಸಿದೆನೆಂದೂ ಹೇಳಿದರು. ನಮ್ಮಿಬ್ಬರ ಗಲಾಟೆ ಕೇಳಿ “ಎಂತದಾ ಅದು, ಲೋಕಸಭೆಯಾ?” ಎಂದು ನಕ್ಕು ಇಟ್ಟರು.

ತನ್ನ ಹೆಸರು ಎರಡು ಸಲ ಓದಿದ ಸುದ್ದಿ ಕೇಳಿ ಶ್ರೀಯಾ ‘ಶ್ರೀಯಾ ಗುರುದತ್’ ಎಂದು ತಾನೂ ಒಮ್ಮೆ ಮೆಲ್ಲಗೆ ಹೇಳಿಕೊಂಡಳು. ಮತ್ತೆ ನನ್ನ ಕಡೆ ತಿರುಗಿದಳು. “ಓಕೆ. ಈಗ ಹೇಳು. ಆ ಒಂದು ವರ್ಷದ ಸೈನ್ಯದ ಬಗ್ಗೆ ನಿನಗೇನು ಗೊತ್ತು?”

“ಎಲ್ಲಾ ಗೊತ್ತು. ಓದಿದ್ದೀನಿ.”

“ನೀನಾ? ಯಾವಾಗ?”

“ನೀನು ಸ್ನಾನಕ್ಕೆ ಹೋದಾಗ.”

ಅವಳು ನಕ್ಕಳು. ಆ ನಗುವಿಗೆ ನಾನು ಕೊಡಬೇಕಿದ್ದ ಉತ್ತರ ಹುಡುಕುವ ಭರದಲ್ಲಿ, ನಿಲಾಯ್‌ಗೆ ತಿರುಗುವ ದಾರಿ ಕಣ್ಣೆದುರೇ ದಾಟಿಹೋಯಿತು. ಹೆದ್ದಾರಿ ನಮ್ಮನ್ನು ವಿಮಾನ ನಿಲ್ದಾಣದ ಕಡೆಗೆ ಎಳೆದುಕೊಂಡು ಹೊರಟಿತು. ಬಹಳ ದೂರದವರೆಗೆ ವಾಪಸ್ ತಿರುಗುವ ಜಾಗವಿಲ್ಲ ಎಂದು ಫಲಕ ಹೇಳುತ್ತಿತ್ತು.

“ಅಮ್ಮಾ, ಎಕ್ಸಿಟ್ ಮಿಸ್ ಆಯ್ತು!”

“ಗೊತ್ತು,” ಎಂದೆ. “ನೀನು ಮಾತು ಬದಲಿಸಬೇಡ. ಮೊದಲನೇ ಪಾಯಿಂಟಿಗೆ ಉತ್ತರ ಹೇಳು.”